ಮನೆಯ ಕಂಪ್ಯೂಟರಿನ ಸಿಸ್ಟಂ ಲಾಗ್‌ನಲ್ಲಿ ಮರುಕಳಿಸುವ ದೋಷಗಳು

ಸಿಸ್ಟಂ ಲಾಗ್ ಎಂದರೆ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ, ಡ್ರೈವರ್‌ಗಳು ಮತ್ತು ಹಿನ್ನೆಲೆ ಸೇವೆಗಳು ತಮ್ಮಲ್ಲಿ ನಡೆದ ಘಟನೆಗಳನ್ನು ದಿನಾಂಕ, ಸಮಯಗಳೊಡನೆ ತಾವಾಗಿಯೇ ಬರೆದಿಡುವ ಕಡತ. ಅದರಲ್ಲಿ ಒಂದೇ ಮೂಲದಿಂದ, ಒಂದೇ ಸಂಖ್ಯೆಯಡಿ ಮತ್ತೆ ಮತ್ತೆ ದಾಖಲಾಗುವ ದೋಷವನ್ನು ಮರುಕಳಿಸುವ ದೋಷ ಎನ್ನುತ್ತಾರೆ. ಇಲ್ಲಿ ‘ನಮೂದು’ ಎಂದರೆ ಲಾಗ್‌ನ ಒಂದು ದಾಖಲೆ. ‘ಮೂಲ’ ಎಂದರೆ ಅದನ್ನು ಬರೆದ ಘಟಕ. ‘ಘಟನಾ ಸಂಖ್ಯೆ’ ಎಂದರೆ ಆ ಮೂಲ ತನ್ನ ಒಂದೊಂದು ಬಗೆಯ ಸಂದೇಶಕ್ಕೆ ಕೊಟ್ಟುಕೊಂಡ ಅಂಕಿ. ಬೇರೆ ಬೇರೆ ಮೂಲಗಳು ಒಂದೇ ಅಂಕಿಯನ್ನು ಬಳಸಬಹುದಾದ್ದರಿಂದ ಮೂಲ ಮತ್ತು ಸಂಖ್ಯೆ ಎರಡನ್ನೂ ಒಟ್ಟಿಗೆ ಹೇಳಿದರೆ ಮಾತ್ರ ದೋಷದ ಗುರುತು ಪೂರ್ಣವಾಗುತ್ತದೆ.

ಚೆನ್ನಾಗಿ ಕೆಲಸ ಮಾಡುತ್ತಿರುವ ಕಂಪ್ಯೂಟರಿನ ಲಾಗ್‌ನಲ್ಲೂ ದೋಷ ನಮೂದುಗಳು ಇದ್ದೇ ಇರುತ್ತವೆ. ನಿರೀಕ್ಷಿಸಿದ ಉತ್ತರ ಬಾರದಾಗ ಬೇರೆ ದಾರಿ ಹಿಡಿದು ಕೆಲಸ ಮುಗಿಸಿದ ಸೇವೆಯೂ ಮೊದಲ ವೈಫಲ್ಯವನ್ನು ದೋಷವೆಂದೇ ಬರೆಯುತ್ತದೆ. ಆದ್ದರಿಂದ ದೋಷದ ಕೆಂಪು ಗುರುತು ಕಂಡಿತೆಂಬುದಕ್ಕಿಂತ ಅದು ಎಷ್ಟು ಸಲ, ಯಾವ ಹೊತ್ತಿನಲ್ಲಿ, ಯಾವ ಘಟನೆಯ ಬೆನ್ನಿಗೆ ಬಂದಿತೆಂಬುದು ದೋಷ ಪತ್ತೆಯಲ್ಲಿ ಮುಖ್ಯ.

ಹಿನ್ನೆಲೆ

ಯುನಿಕ್ಸ್ ಕಂಪ್ಯೂಟರ್‌ಗಳಲ್ಲಿ ಬಳಕೆಗೆ ಬಂದ ಸಿಸ್‌ಲಾಗ್ ಎಂಬ ವ್ಯವಸ್ಥೆಯನ್ನು ಎರಿಕ್ ಆಲ್‌ಮನ್ 1980ರ ದಶಕದ ಆರಂಭದಲ್ಲಿ ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ರೂಪಿಸಿದರು. ಮೊದಲಿಗೆ ಅದು ಅವರದೇ ಸೆಂಡ್‌ಮೇಲ್ ಎಂಬ ಅಂಚೆ ತಂತ್ರಾಂಶದ ಭಾಗವಾಗಿತ್ತು. ಬೇರೆ ತಂತ್ರಾಂಶಗಳೂ ಅದನ್ನು ಬಳಸತೊಡಗಿ, ಬಹುಕಾಲ ರೂಢಿಯ ಬಲದಿಂದಲೇ ಅದು ನಡೆದುಬಂತು. 2001ರಲ್ಲಿ ಆರ್‌ಎಫ್‌ಸಿ 3164 ಎಂಬ ಅಂತರ್ಜಾಲ ತಾಂತ್ರಿಕ ದಾಖಲೆ ಆ ರೂಢಿಯನ್ನು ಬರಹಕ್ಕಿಳಿಸಿತು. 2009ರ ಆರ್‌ಎಫ್‌ಸಿ 5424 ಅದಕ್ಕೆ ಖಚಿತ ಮಾನಕವನ್ನು ಒದಗಿಸಿತು. ತೀವ್ರತೆಯನ್ನು 0ಯಿಂದ 7ರವರೆಗೆ ಎಂಟು ಹಂತಗಳಲ್ಲಿ ಗುರುತಿಸುವ ಅದರ ಕ್ರಮ ಇಂದಿಗೂ ಲಿನಕ್ಸ್‌ನಲ್ಲಿ ಉಳಿದಿದೆ.

ಮೈಕ್ರೋಸಾಫ್ಟ್ 1993ರಲ್ಲಿ ಬಿಡುಗಡೆ ಮಾಡಿದ ವಿಂಡೋಸ್ ಎನ್‌ಟಿ 3.1ರಲ್ಲಿ ಈವೆಂಟ್ ಲಾಗ್ ಮತ್ತು ಅದನ್ನು ಓದುವ ಈವೆಂಟ್ ವ್ಯೂವರ್ ಮೊದಲಿನಿಂದಲೂ ಇದ್ದವು. ಅದು ಕಚೇರಿಗಳಿಗೆಂದು ಮಾಡಿದ ವ್ಯವಸ್ಥೆ. ಮನೆಗಳಲ್ಲಿದ್ದ ವಿಂಡೋಸ್ 95, 98ರಲ್ಲಿ ಈ ಸೌಲಭ್ಯ ಇರಲಿಲ್ಲ. ಎನ್‌ಟಿ ತಳಹದಿಯ ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಬಂದ ಮೇಲೆಯೇ ಸಾಮಾನ್ಯ ಗೃಹ ಬಳಕೆದಾರರ ಕಂಪ್ಯೂಟರಿನಲ್ಲಿ ಈವೆಂಟ್ ಲಾಗ್ ನೆಲೆಗೊಂಡಿತು. ಅದರ ಭಾಷೆ ಮಾತ್ರ ಇಂದಿಗೂ ಕಚೇರಿಯ ವ್ಯವಸ್ಥಾಪಕರಿಗೆ ಬರೆದಂತೆಯೇ ಇದೆ; ಮನೆಯಲ್ಲಿ ಅದನ್ನು ತೆರೆದವರು ಗಾಬರಿಗೊಳ್ಳಲು ಇದೂ ಒಂದು ಕಾರಣ. ವಿಂಡೋಸ್ ವಿಸ್ಟಾದಲ್ಲಿ ಲಾಗ್‌ನ ಒಳರಚನೆಯನ್ನು ಎಕ್ಸ್‌ಎಂಎಲ್ ಆಧಾರಿತವಾಗಿ ಹೊಸದಾಗಿ ಕಟ್ಟಲಾಯಿತು, ಕಡತದ ವಿಸ್ತರಣೆ ಇವಿಟಿಯಿಂದ ಇವಿಟಿಎಕ್ಸ್‌ಗೆ ಬದಲಾಯಿತು. ರಿಲಯಬಿಲಿಟಿ ಮಾನಿಟರ್ ಎಂಬ ಸರಳ ನೋಟವೂ ಆಗಲೇ ಸೇರಿತು.

ರಚನೆ

ವಿಂಡೋಸ್‌ನ ಮುಖ್ಯ ಲಾಗ್‌ಗಳು ಮೂರು: ತಂತ್ರಾಂಶಗಳ ಘಟನೆಗಳಿಗೆ ಅಪ್ಲಿಕೇಶನ್, ಲಾಗಿನ್ ಮುಂತಾದವುಗಳಿಗೆ ಸೆಕ್ಯುರಿಟಿ, ಡ್ರೈವರ್ ಮತ್ತು ಸೇವೆಗಳಿಗೆ ಸಿಸ್ಟಂ. ಇವಲ್ಲದೆ ಒಂದೊಂದು ಘಟಕಕ್ಕೂ ಪ್ರತ್ಯೇಕವಾದ ನೂರಾರು ಲಾಗ್‌ಗಳಿವೆ. ನಮೂದುಗಳನ್ನು ಗಂಭೀರ, ದೋಷ, ಎಚ್ಚರಿಕೆ, ಮಾಹಿತಿ ಎಂದು ವಿಂಗಡಿಸಲಾಗುತ್ತದೆ. ಸೆಕ್ಯುರಿಟಿ ಲಾಗ್‌ನಲ್ಲಿ ಇವುಗಳ ಬದಲು ಯಶಸ್ಸು ಮತ್ತು ವೈಫಲ್ಯ ಎಂಬ ಎರಡೇ ಗುರುತುಗಳಿವೆ.

ಮುಖ್ಯ ಲಾಗ್‌ಗಳ ಗರಿಷ್ಠ ಗಾತ್ರ ಸಾಮಾನ್ಯವಾಗಿ 20 ಎಂಬಿ. ಅದು ತುಂಬಿದಾಗ ಹೊಸ ನಮೂದು ಹಳೆಯದನ್ನು ಅಳಿಸಿ ಕೂರುತ್ತದೆ. ನಿರುಪದ್ರವಿಯಾದ ಒಂದು ದೋಷ ನಿಮಿಷಕ್ಕೊಮ್ಮೆ ಬರೆಯಿಸಿಕೊಳ್ಳುತ್ತಿದ್ದರೆ ಕಳೆದ ತಿಂಗಳ ಡಿಸ್ಕ್ ದೋಷದ ಸಾಕ್ಷ್ಯವನ್ನು ಅದು ಹೊರದೂಡಬಹುದು. ನಿಜವಾದ ಹಾನಿ ಮಾಡದ ದೋಷವನ್ನೂ ಕೆಲವೊಮ್ಮೆ ಸರಿಪಡಿಸಬೇಕಾಗುವುದು ಈ ಕಾರಣಕ್ಕೆ.

ಸಮಯವನ್ನು ಲಾಗ್ ಅಂತರರಾಷ್ಟ್ರೀಯ ಸಮಯದಲ್ಲಿ ಬರೆದಿಟ್ಟು, ತೋರಿಸುವಾಗ ಸ್ಥಳೀಯ ಸಮಯಕ್ಕೆ ಬದಲಿಸುತ್ತದೆ. ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಹಾಕಿಕೊಂಡವರಿಗೆ ಭಾರತದಲ್ಲಿ ಐದೂವರೆ ಗಂಟೆಯ ವ್ಯತ್ಯಾಸ ಕಾಣಿಸುವುದುಂಟು. ಮದರ್‌ಬೋರ್ಡಿನ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯವೆಂದೂ ಲಿನಕ್ಸ್ ಸಾಮಾನ್ಯವಾಗಿ ಅಂತರರಾಷ್ಟ್ರೀಯ ಸಮಯವೆಂದೂ ಓದುವುದೇ ಅದಕ್ಕೆ ಕಾರಣ. ಮದರ್‌ಬೋರ್ಡಿನ ಗುಂಡಿ ಆಕಾರದ ಬ್ಯಾಟರಿ ಸತ್ತಿದ್ದರೂ ಸಮಯ ಹಿಂದೆ ಬೀಳುತ್ತದೆ. ಇಂಥ ಸಂದರ್ಭದಲ್ಲಿ ಗಡಿಯಾರವನ್ನು ಸರಿಪಡಿಸದೆ ಘಟನೆಗಳ ಹಿಂದುಮುಂದನ್ನು ನಿರ್ಧರಿಸಲಾಗದು.

ವಿದ್ಯುತ್‌ಗೆ ಸಂಬಂಧಿಸಿದ ದೋಷಗಳು

ಮನೆಯ ಕಂಪ್ಯೂಟರ್‌ಗಳಲ್ಲಿ ಕಾಣುವ ಗಂಭೀರ ಹಂತದ ನಮೂದುಗಳಲ್ಲಿ ಬಲು ಪರಿಚಿತವಾದದ್ದು ಕರ್ನಲ್-ಪವರ್ ಮೂಲದ 41. ಸರಿಯಾಗಿ ಮುಚ್ಚದೆ ಕಂಪ್ಯೂಟರ್ ಮರಳಿ ಶುರುವಾಗಿದೆ ಎಂಬುದಷ್ಟೇ ಅದರ ಅರ್ಥ. ಏಕೆ ಹಾಗಾಯಿತೆಂದು ಅದು ಹೇಳುವುದಿಲ್ಲ. ನಿಂತುಹೋದ ಯಂತ್ರ ಏನನ್ನೂ ಬರೆಯಲಾರದು. ಹೀಗಾಗಿ ಈ ನಮೂದು ಮುಂದಿನ ಸಲ ಯಂತ್ರ ಶುರುವಾದಾಗ ಬೀಳುತ್ತದೆ, ಅದರ ಮೇಲಿನ ಸಮಯವೂ ಆಗಿನದೇ. ಯಂತ್ರ ನಿಂತ ಹೊತ್ತನ್ನು ತಿಳಿಯಲು ಜೊತೆಯಲ್ಲೇ ಬರುವ ಈವೆಂಟ್‌ಲಾಗ್ ಮೂಲದ 6008ನ್ನು ನೋಡಬೇಕು; ಹಿಂದಿನ ಅನಿರೀಕ್ಷಿತ ನಿಲುಗಡೆಯ ಸಮಯ ಅದರ ಸಂದೇಶದೊಳಗೇ ಇರುತ್ತದೆ.

41ರ ವಿವರಗಳ ಪುಟದಲ್ಲಿ ಬಗ್‌ಚೆಕ್ ಕೋಡ್ ಎಂಬ ಅಂಕಿ ಇದೆ. ಅದು ಸೊನ್ನೆಯಲ್ಲದಿದ್ದರೆ ನೀಲಿ ಪರದೆ ಬಂದು ಯಂತ್ರ ನಿಂತಿದೆ ಎಂದರ್ಥ. ಅಂಕಿ ದಶಮಾನದಲ್ಲಿರುವುದರಿಂದ ಅದನ್ನು ಹದಿನಾರರ ಮಾನಕ್ಕೆ ಬದಲಿಸಿ ಹುಡುಕಬೇಕು. ಉದಾಹರಣೆಗೆ, 159 ಎಂದಿದ್ದರೆ ಅದು 9ಎಫ್, ಅಂದರೆ ಯಂತ್ರ ನಿದ್ರೆಗೆ ಹೋಗುವಾಗ ಅಥವಾ ಏಳುವಾಗ ಯಾವುದೋ ಡ್ರೈವರ್ ಸ್ಪಂದಿಸಲಿಲ್ಲ. ಅಂಕಿ ಸೊನ್ನೆಯಾಗಿದ್ದರೆ ಕಾರಣವನ್ನು ತಂತ್ರಾಂಶದ ಹೊರಗೆ ಮೊದಲು ಹುಡುಕುವುದು ಸರಿಯಾದ ಕ್ರಮ: ವಿದ್ಯುತ್ ಕಡಿತ, ಸೋತ ಪವರ್ ಸಪ್ಲೈ, ಅತಿಯಾದ ಬಿಸಿ. ಯಂತ್ರ ಹೆಪ್ಪುಗಟ್ಟಿದಂತಾಗಿ ಬಳಕೆದಾರರೇ ಪವರ್ ಗುಂಡಿಯನ್ನು ಒತ್ತಿ ಹಿಡಿದಿದ್ದರೆ, ಅದೇ ಪುಟದ ಪವರ್ ಬಟನ್ ಸಮಯದ ಜಾಗದಲ್ಲಿ ಸೊನ್ನೆಯ ಬದಲು ಬೇರೆ ಅಂಕಿ ಇರುವುದುಂಟು.

ಕರೆಂಟ್ ಪದೇ ಪದೇ ಹೋಗುವ ಊರುಗಳಲ್ಲಿ ಈ ನಮೂದಿನ ಹಿಂದೆ ಮನೆಯ ಇನ್ವರ್ಟರ್ ಇರುವ ಸಾಧ್ಯತೆ ಹೆಚ್ಚು. ಕರ್ನಾಟಕದ ಮಳೆಗಾಲದಲ್ಲಿ ಇದು ಸಾಮಾನ್ಯ. ಕರೆಂಟ್ ಹೋದಾಗ ಇನ್ವರ್ಟರ್ ಬ್ಯಾಟರಿಗೆ ಹೊರಳಲು ತುಸು ಹೊತ್ತು ಬೇಕು. ಆ ಅಂತರದಲ್ಲಿ ಕಂಪ್ಯೂಟರನ್ನು ನಡೆಸುವುದು ಅದರ ಪವರ್ ಸಪ್ಲೈನ ಕೆಪಾಸಿಟರ್‌ಗಳಲ್ಲಿ ಉಳಿದ ವಿದ್ಯುತ್. ಪವರ್ ಸಪ್ಲೈಗಳ ಎಟಿಎಕ್ಸ್ ಮಾನಕದ ಹಳೆಯ ಆವೃತ್ತಿಗಳ ಪ್ರಕಾರ ಪೂರ್ಣ ಹೊರೆಯಲ್ಲಿ ಅದು ಸುಮಾರು 16 ಮಿಲಿಸೆಕೆಂಡ್ ತಡೆಯಬೇಕು. ಇದು 50 ಹರ್ಟ್ಸ್ ವಿದ್ಯುತ್ತಿನ ಒಂದು ಆವರ್ತಕ್ಕಿಂತಲೂ ಕಡಿಮೆ. ಆ ಒಂದು ಆವರ್ತಕ್ಕೆ 20 ಮಿಲಿಸೆಕೆಂಡ್ ಬೇಕು. ಹಲವು ಗೃಹ ಇನ್ವರ್ಟರ್‌ಗಳಲ್ಲಿ ಯುಪಿಎಸ್ ಮೋಡ್ ಮತ್ತು ಸಾಮಾನ್ಯ ಮೋಡ್ ಎಂಬ ಸ್ವಿಚ್ ಇರುತ್ತದೆ. ಸಾಮಾನ್ಯ ಮೋಡ್‌ನಲ್ಲಿ ಹೊರಳುವ ಅವಧಿ ಹೆಚ್ಚು. ದೀಪ, ಫ್ಯಾನ್‌ಗಳಿಗೆ ಅದು ಸಾಕು, ಕಂಪ್ಯೂಟರಿಗೆ ಸಾಲದು. ಪವರ್ ಸಪ್ಲೈ ಹಳೆಯದಾದಂತೆ ಕೆಪಾಸಿಟರ್‌ಗಳೂ ಸೋಲುತ್ತವೆ. ಮೊದಲು ತೊಂದರೆ ಕೊಡದಿದ್ದ ಇನ್ವರ್ಟರ್ ಕೆಲವು ವರ್ಷಗಳ ಬಳಿಕ ಅದೇ ಕಂಪ್ಯೂಟರನ್ನು ಆರಿಸತೊಡಗುವುದು ಹೀಗೆ. 6008ರ ಸಮಯವನ್ನು ಕರೆಂಟ್ ಹೋದ ಸಮಯದೊಡನೆ ಹೊಂದಿಸಿ ನೋಡಿದರೆ ವಿಷಯ ಖಚಿತವಾಗುತ್ತದೆ. ಆಗ ಮೋಡ್ ಬದಲಿಸುವುದು, ಇಲ್ಲವೇ ಕಂಪ್ಯೂಟರಿಗೆ ಪ್ರತ್ಯೇಕ ಯುಪಿಎಸ್ ಇಡುವುದು ಪರಿಹಾರ. ವಿಂಡೋಸನ್ನು ಹೊಸದಾಗಿ ಹಾಕುವುದರಿಂದ ಇಲ್ಲಿ ಏನೂ ಆಗದು.

ಡಿಸ್ಕ್ ದೋಷಗಳು

ಕಳೆದುಕೊಂಡರೆ ಮರಳಿ ಸಿಗದ ಫೋಟೊ, ದಾಖಲೆಗಳ ಪ್ರಶ್ನೆ ಇರುವುದರಿಂದ ಡಿಸ್ಕ್ ಮೂಲದ ನಮೂದುಗಳನ್ನು ಎಲ್ಲಕ್ಕಿಂತ ಮೊದಲು ಗಮನಿಸಬೇಕು. ಡಿಸ್ಕ್ 7 ಎಂದರೆ ಓದಲಾಗದ ಕೆಟ್ಟ ಬ್ಲಾಕ್; 11 ಕಂಟ್ರೋಲರ್ ದೋಷ; 51 ಎಂದರೆ ಮೆಮೊರಿ ಮತ್ತು ಡಿಸ್ಕ್ ನಡುವೆ ದತ್ತಾಂಶ ಸಾಗಿಸುವ ಪೇಜಿಂಗ್ ವೇಳೆಯ ದೋಷ; 153 ಎಂದರೆ ಓದುವ ಅಥವಾ ಬರೆಯುವ ಕೆಲಸವನ್ನು ಮತ್ತೆ ಮಾಡಬೇಕಾಯಿತು. ಎನ್‌ಟಿಎಫ್‌ಎಸ್ ಮೂಲದ 55 ಕಡತ ವ್ಯವಸ್ಥೆಯ ರಚನೆ ಕೆಟ್ಟಿರುವುದನ್ನು ಸೂಚಿಸುತ್ತದೆ. ಪೆನ್‌ಡ್ರೈವ್ ಅಥವಾ ಹೊರಗಿನ ಡಿಸ್ಕನ್ನು ಸುಮ್ಮನೆ ಕಿತ್ತಾಗಲೂ 51, 157ರಂಥ ನಮೂದುಗಳು ಬೀಳುತ್ತವೆ. ಆದ್ದರಿಂದ ಸಂದೇಶದಲ್ಲಿರುವ ಹಾರ್ಡ್‌ಡಿಸ್ಕ್ 0, ಹಾರ್ಡ್‌ಡಿಸ್ಕ್ 1 ಎಂಬ ಸಂಖ್ಯೆಯನ್ನು ಡಿಸ್ಕ್ ಮ್ಯಾನೇಜ್‌ಮೆಂಟ್‌ನ ಪಟ್ಟಿಯೊಡನೆ ಹೋಲಿಸಿ, ಯಾವ ಡಿಸ್ಕ್ ಎಂಬುದನ್ನು ಮೊದಲು ಗುರುತಿಸಬೇಕು.

ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ಎಂಬ ಲೆಕ್ಕವನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೊ, ಸ್ಮಾರ್ಟ್‌ಸಿಟಿಎಲ್ ಮೊದಲಾದ ಉಪಕರಣಗಳಿಂದ ಓದಬಹುದು. ಹಾರ್ಡ್ ಡಿಸ್ಕ್‌ನಲ್ಲಿ 5, 197 ಮತ್ತು 198ನೇ ಲಕ್ಷಣಗಳು ಮುಖ್ಯ: ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್, ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರ್, ಸರಿಪಡಿಸಲಾಗದ ಸೆಕ್ಟರ್‌ಗಳ ಎಣಿಕೆ. ಇವು ಏರುತ್ತಿದ್ದರೆ ಡಿಸ್ಕ್ ಸೋಲುತ್ತಿದೆ. ಇವು ಸೊನ್ನೆಯಲ್ಲೇ ಇದ್ದು, ದತ್ತಾಂಶ ಸಾಗಣೆಯ ತಪ್ಪುಗಳ ಎಣಿಕೆಯಾದ 199 ಮಾತ್ರ ಏರುತ್ತಿದ್ದರೆ ತೊಂದರೆ ಡಿಸ್ಕ್‌ನದಲ್ಲ, ಹೆಚ್ಚಾಗಿ ಸಾಟಾ ಕೇಬಲ್‌ನದು. ಅದನ್ನು ಬದಲಿಸಿದರೆ ಮುಗಿಯುತ್ತದೆ. ಎನ್‌ವಿಎಂಇ ಡಿಸ್ಕ್‌ಗಳಿಗೆ ಈ ಸಂಖ್ಯೆಗಳು ಅನ್ವಯಿಸುವುದಿಲ್ಲ. ಅವುಗಳಲ್ಲಿ ಮೀಡಿಯಾ ದೋಷಗಳ ಎಣಿಕೆ, ಉಳಿದ ಹೆಚ್ಚುವರಿ ಜಾಗ, ಬಳಕೆಯಾದ ಆಯುಸ್ಸಿನ ಶೇಕಡಾಂಶಗಳನ್ನು ನೋಡಬೇಕು.

ಚೆಕ್‌ಡಿಸ್ಕ್ ಆದೇಶವನ್ನು ಆರ್ ಆಯ್ಕೆಯೊಡನೆ ನಡೆಸಿದರೆ ಅದು ಡಿಸ್ಕ್‌ನ ಮೇಲ್ಮೈಯನ್ನೆಲ್ಲ ಓದುತ್ತದೆ. ಸೋಲುತ್ತಿರುವ ಡಿಸ್ಕ್‌ಗೆ ಇದು ಕೊನೆಯ ಹೊಡೆತವಾಗಬಹುದು. ಬೇಕಾದ ಕಡತಗಳನ್ನು ಬೇರೆ ಡಿಸ್ಕ್‌ಗೆ ನಕಲು ಮಾಡಿಕೊಂಡ ಮೇಲಷ್ಟೇ ಈ ಆದೇಶವನ್ನು ಬಳಸತಕ್ಕದ್ದು.

ಪ್ರೊಸೆಸರ್, ಮೆಮೊರಿ ಮತ್ತು ಗ್ರಾಫಿಕ್ಸ್

ಯಂತ್ರಾಂಶವೇ ವರದಿ ಮಾಡಿದ ತಪ್ಪುಗಳು ಡಬ್ಲ್ಯುಎಚ್‌ಇಎ-ಲಾಗರ್ ಎಂಬ ಮೂಲದಡಿ ಬರುತ್ತವೆ. 17, 19 ಸರಿಪಡಿಸಿಕೊಂಡ ತಪ್ಪುಗಳು. 18 ಯಂತ್ರವನ್ನೇ ನಿಲ್ಲಿಸುವಂಥದು. ತಯಾರಕರು ಸೂಚಿಸಿದ ವೇಗ ಮೀರಿ ಓಡಿಸುವಿಕೆ, ಮೆಮೊರಿಯನ್ನು ಹೆಚ್ಚು ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಪ್ರೊಫೈಲ್, ಬಿಸಿ, ಸಡಿಲ ಕಾರ್ಡ್ ಇವು ಸಾಮಾನ್ಯ ಕಾರಣಗಳು. ಬಯಾಸ್ ಆಯ್ಕೆಗಳನ್ನು ಮೂಲಸ್ಥಿತಿಗೆ ತಂದು ನೋಡುವುದು ಮೊದಲ ಹೆಜ್ಜೆ. ಪ್ರೊಸೆಸರ್‌ನಲ್ಲೇ ದೋಷವಿದ್ದ ನಿದರ್ಶನವೂ ಇದೆ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಮಿತಿಮೀರಿದ ವೋಲ್ಟೇಜ್‌ನಿಂದ ಕ್ರಮೇಣ ಅಸ್ಥಿರವಾಗುತ್ತಿದ್ದವು. 2024ರ ಆಗಸ್ಟ್‌ನಲ್ಲಿ ಕಂಪನಿ 0ಎಕ್ಸ್129 ಎಂಬ ಮೈಕ್ರೋಕೋಡನ್ನು, ಅಂದರೆ ಪ್ರೊಸೆಸರಿನ ಒಳಸೂಚನೆಗಳ ತಿದ್ದುಪಡಿಯನ್ನು, ಬಿಡುಗಡೆ ಮಾಡಿ, ಬಾಧಿತ ಪ್ರೊಸೆಸರ್‌ಗಳ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆಗಲೇ ಹಾಳಾಗಿದ್ದ ಪ್ರೊಸೆಸರನ್ನು ಮೈಕ್ರೋಕೋಡ್ ಸರಿಪಡಿಸಲಾರದು, ಬದಲಿಸಿಕೊಳ್ಳಲೇಬೇಕು.

ಅಪ್ಲಿಕೇಶನ್ ಲಾಗ್‌ನ 1000 ಎಂಬ ನಮೂದು ಕುಸಿದ ತಂತ್ರಾಂಶದ ಹೆಸರಿನ ಜೊತೆಗೆ ತಪ್ಪು ನಡೆದ ಮಾಡ್ಯೂಲಿನ ಹೆಸರನ್ನೂ ಕೊಡುತ್ತದೆ. ಬೇರೆ ಬೇರೆ ತಂತ್ರಾಂಶಗಳು ಒಂದೇ ಮಾಡ್ಯೂಲಿನಲ್ಲಿ ಕುಸಿಯುತ್ತಿದ್ದರೆ ಸಂಶಯ ಆ ಮಾಡ್ಯೂಲಿನ ಮೇಲೆ. ಪ್ರತಿ ಸಲವೂ ಬೇರೆ ತಂತ್ರಾಂಶ, ಬೇರೆ ಮಾಡ್ಯೂಲ್ ಆಗಿದ್ದು, ಯಾವ ಕ್ರಮವೂ ಕಾಣದಿದ್ದರೆ ರ್‍ಯಾಮ್ ಪರೀಕ್ಷಿಸಬೇಕು. ಸಿ0000005 ಎಂಬ ಕೋಡ್ ತನ್ನದಲ್ಲದ ಮೆಮೊರಿಯನ್ನು ಮುಟ್ಟಲು ಹೋದದ್ದನ್ನು ಹೇಳುತ್ತದೆ. ಅದೊಂದರಿಂದಲೇ ರ್‍ಯಾಮ್ ಕೆಟ್ಟಿದೆ ಎನ್ನಲಾಗದು. ಮೆಮ್‌ಟೆಸ್ಟ್86+ ಅನ್ನು ರಾತ್ರಿಯಿಡೀ ನಡೆಸುವುದು ವಿಂಡೋಸ್‌ನ ಸ್ವಂತ ಮೆಮೊರಿ ಪರೀಕ್ಷೆಗಿಂತ ಹೆಚ್ಚು ನಂಬಲರ್ಹ.

ಗ್ರಾಫಿಕ್ಸ್ ಚಿಪ್ 2 ಸೆಕೆಂಡಿನೊಳಗೆ ಸ್ಪಂದಿಸದಿದ್ದರೆ ವಿಂಡೋಸ್ ಅದನ್ನು ಮರುಚಾಲನೆ ಮಾಡಿ 4101 ಎಂದು ಬರೆಯುತ್ತದೆ. ಪರದೆ ಕ್ಷಣಕಾಲ ಕಪ್ಪಾಗುವುದು ಇದರ ಲಕ್ಷಣ.

ಸೇವೆಗಳ ದೋಷಗಳು

ಸರ್ವೀಸ್ ಕಂಟ್ರೋಲ್ ಮ್ಯಾನೇಜರ್ ಮೂಲದ 7000, 7009, 7031, 7034 ಮನೆಯ ಲಾಗ್‌ಗಳಲ್ಲಿ ಬಹಳ ಕಾಣುತ್ತವೆ. ತೆಗೆದುಹಾಕಿದ ಆಂಟಿವೈರಸ್ ಅಥವಾ ಪ್ರಿಂಟರ್ ತಂತ್ರಾಂಶ ತನ್ನ ಸೇವೆಯ ಹೆಸರನ್ನು ಬಿಟ್ಟುಹೋಗಿದ್ದರೆ ಪ್ರತಿ ಸಲ ಯಂತ್ರ ಶುರುವಾದಾಗಲೂ ಕಡತ ಸಿಗಲಿಲ್ಲವೆಂಬ 7000 ಬೀಳುತ್ತದೆ. ಸೇವೆ ನಿಗದಿತ 30 ಸೆಕೆಂಡಿನಲ್ಲಿ ಶುರುವಾಗದಿದ್ದರೆ 7009 ಬರುತ್ತದೆ. ಯಂತ್ರ ನಿಧಾನವಾಗಿದ್ದರೂ ಹೀಗಾಗಬಹುದು.

ಡಿಸ್ಟ್ರಿಬ್ಯೂಟೆಡ್‌ಕಾಮ್ ಮೂಲದ 10016 ಎಲ್ಲಕ್ಕಿಂತ ಹೆಚ್ಚು ಜನರನ್ನು ಕಾಡಿದ, ಎಲ್ಲಕ್ಕಿಂತ ಕಡಿಮೆ ಹಾನಿಯ ನಮೂದು. ಒಂದು ಘಟಕವನ್ನು ಬಳಸಲು ಅನುಮತಿ ಸಿಗದಿದ್ದಾಗ ವಿಂಡೋಸ್‌ನ ಸ್ವಂತ ಕೋಡ್ ಬೇರೆ ದಾರಿಯಲ್ಲಿ ಕೆಲಸ ಮುಗಿಸುತ್ತದೆ. ಇದು ವಿನ್ಯಾಸದಲ್ಲೇ ಇರುವ ವರ್ತನೆ, ನಿರ್ಲಕ್ಷಿಸಬಹುದು ಎಂದು ಮೈಕ್ರೋಸಾಫ್ಟ್ ಸ್ಪಷ್ಟಪಡಿಸಿದೆ. ಇದನ್ನು ಮಾಯಮಾಡಲೆಂದು ರಿಜಿಸ್ಟ್ರಿಯ ಒಡೆತನ, ಅನುಮತಿಗಳನ್ನು ಬದಲಿಸುವ ರೂಢಿ ಹಬ್ಬಿದೆ. ಅದರಿಂದ ಸುರಕ್ಷತೆ ಸಡಿಲವಾಗುತ್ತದೆಯೇ ಹೊರತು ಬೇರೆ ಲಾಭವಿಲ್ಲ.

ಪತ್ತೆಯ ಕ್ರಮ

ಮೊದಲು ಬಳಕೆದಾರರಿಗೆ ಕಾಣುತ್ತಿರುವ ತೊಂದರೆ ಏನೆಂದು ನಿಶ್ಚಯಿಸಬೇಕು: ಯಂತ್ರ ತಾನಾಗಿ ಆರುತ್ತಿದೆಯೇ, ಹೆಪ್ಪುಗಟ್ಟುತ್ತಿದೆಯೇ, ಒಂದು ತಂತ್ರಾಂಶವಷ್ಟೇ ಮುಚ್ಚಿಕೊಳ್ಳುತ್ತಿದೆಯೇ. ಕಾಣುವ ತೊಂದರೆ ಯಾವುದೂ ಇಲ್ಲದೆ, ಡಿಸ್ಕ್ ಅಥವಾ ಯಂತ್ರಾಂಶದ ನಮೂದೂ ಇಲ್ಲದಿದ್ದರೆ ಕೈಹಾಕದಿರುವುದೇ ಲೇಸು. ತೊಂದರೆ ಇದ್ದರೆ, ಅದು ನಡೆದ ಹೊತ್ತಿನ ಹಿಂದಿನ ಕೆಲವು ನಿಮಿಷಗಳ ನಮೂದುಗಳನ್ನು ಮಾತ್ರ ಸೋಸಿ ತೆಗೆದು, ಅದೇ ಮೂಲ ಮತ್ತು ಸಂಖ್ಯೆ ಹಿಂದಿನ ತೊಂದರೆಗಳ ಹೊತ್ತಿನಲ್ಲೂ ಇತ್ತೇ ಎಂದು ನೋಡಬೇಕು. ತೊಂದರೆಯ ನಂತರ ಬಿದ್ದ ದೋಷಗಳು ಹೆಚ್ಚಾಗಿ ಪರಿಣಾಮಗಳು.

ದೋಷ ಮೊದಲ ಸಲ ಬಂದ ದಿನ ಅಮೂಲ್ಯವಾದ ಸುಳಿವು. ರಿಲಯಬಿಲಿಟಿ ಮಾನಿಟರ್ ಕುಸಿತಗಳನ್ನೂ ಆಯಾ ದಿನ ಸೇರಿದ ಅಪ್‌ಡೇಟ್, ಡ್ರೈವರ್‌ಗಳನ್ನೂ ಒಂದೇ ನಕ್ಷೆಯಲ್ಲಿ ತೋರಿಸುವುದರಿಂದ ಇದಕ್ಕೆ ಈವೆಂಟ್ ವ್ಯೂವರ್‌ಗಿಂತ ಅದೇ ಅನುಕೂಲ. ಮರುಕಳಿಕೆಯ ಅಂತರವೂ ಕಾರಣದತ್ತ ಬೊಟ್ಟುಮಾಡುತ್ತದೆ. ಪ್ರತಿ ಗಂಟೆಗೆ ಸರಿಯಾಗಿ ಬರುವುದು ಟಾಸ್ಕ್ ಶೆಡ್ಯೂಲರ್‌ನ ಕೆಲಸವಿರಬಹುದು. ಯಂತ್ರ ಶುರುವಾದಾಗಲೆಲ್ಲ ಬರುವುದು ಸೇವೆ ಅಥವಾ ಡ್ರೈವರ್‌ನದು. ಆಟ ಆಡುವಾಗ ಮಾತ್ರ ಬರುವುದು ಬಿಸಿ ಅಥವಾ ವಿದ್ಯುತ್ತಿನದು.

ಪರಿಹಾರಗಳನ್ನು ಒಂದೊಂದಾಗಿ ಮಾಡಿ, ದೋಷ ಹಿಂದೆ ಮರುಕಳಿಸುತ್ತಿದ್ದ ಅವಧಿಗಿಂತ ಹೆಚ್ಚು ಕಾಲ ಕಾದು ನೋಡಬೇಕು. ವಾರಕ್ಕೊಮ್ಮೆ ಬರುತ್ತಿದ್ದ ದೋಷ ಎರಡು ದಿನ ಬಾರದಿದ್ದರೆ ಅದು ವಾಸಿಯಾದಂತಲ್ಲ. ವಿಂಡೋಸ್‌ನ ಸ್ವಂತ ಕಡತಗಳು ಕೆಟ್ಟಿರುವ ಸಂಶಯವಿದ್ದರೆ ಡಿಐಎಸ್‌ಎಂ ಆದೇಶದ ಮೂಲಕ ಆ ಕಡತಗಳ ಮೂಲ ಸಂಗ್ರಹವನ್ನು ಸರಿಪಡಿಸಿ, ನಂತರ ಎಸ್‌ಎಫ್‌ಸಿ ಆದೇಶವನ್ನು ನಡೆಸುವುದು ಕ್ರಮ. ಹೊರಗಿನ ಸೇವೆಗಳನ್ನೆಲ್ಲ ನಿಲ್ಲಿಸಿ ಯಂತ್ರವನ್ನು ಶುರುಮಾಡುವ ಕ್ಲೀನ್ ಬೂಟ್ ವಿಧಾನದಲ್ಲಿ ತೊಂದರೆ ಮಾಯವಾದರೆ, ಅರ್ಧರ್ಧ ಸೇವೆಗಳನ್ನು ಮರಳಿ ಚಾಲೂ ಮಾಡುತ್ತ ಅಪರಾಧಿಯನ್ನು ಹಿಡಿಯಬಹುದು. ನೀಲಿ ಪರದೆಯ ಸಂದರ್ಭದಲ್ಲಿ ಯಂತ್ರ ನಿಂತಾಗಿನ ಸ್ಥಿತಿಯನ್ನು ಉಳಿಸಿಡುವ ಮಿನಿಡಂಪ್ ಕಡತವನ್ನು ವಿನ್‌ಡಿಬಿಜಿ ಎಂಬ ದೋಷ ಪತ್ತೆ ಉಪಕರಣದಲ್ಲಿ ತೆರೆದರೆ ಎಷ್ಟೋ ಸಲ ಡ್ರೈವರಿನ ಹೆಸರೇ ಸಿಗುತ್ತದೆ. ಲಾಗನ್ನು ಅಳಿಸುವುದು ಪರಿಹಾರವಲ್ಲ. ಅಳಿಸಿದ್ದೂ ಸಿಸ್ಟಂ ಲಾಗ್‌ನಲ್ಲಿ 104, ಸೆಕ್ಯುರಿಟಿ ಲಾಗ್‌ನಲ್ಲಿ 1102 ಎಂದು ದಾಖಲಾಗುತ್ತದೆ.

ಲಿನಕ್ಸ್ ಮತ್ತು ಮ್ಯಾಕ್

ಇಂದಿನ ಬಹುತೇಕ ಲಿನಕ್ಸ್ ವಿತರಣೆಗಳಲ್ಲಿ ಸಿಸ್ಟಂಡಿಯ ಜರ್ನಲ್ ಲಾಗ್‌ನ ಕೆಲಸ ಮಾಡುತ್ತದೆ. ಜರ್ನಲ್‌ಸಿಟಿಎಲ್ ಆದೇಶದಿಂದ ದೋಷ ಹಂತದ ನಮೂದುಗಳನ್ನಷ್ಟೇ, ಅಥವಾ ಹಿಂದಿನ ಸಲ ಯಂತ್ರ ಓಡಿದಾಗಿನವನ್ನಷ್ಟೇ ಪಡೆಯಬಹುದು. ಕರ್ನಲ್ ಸಂದೇಶಗಳಿಗೆ ಡಿಮೆಸೇಜ್ ಆದೇಶವಿದೆ. ಡಿಸ್ಕ್, ಕೇಬಲ್‌ಗಳ ತರ್ಕ ವಿಂಡೋಸ್‌ನಲ್ಲಿದ್ದಂತೆಯೇ. ಪಿಸಿಐಇ ಬಸ್‌ನ ಸರಿಪಡಿಸಿಕೊಂಡ ತಪ್ಪುಗಳು ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸಾವಿರಗಟ್ಟಲೆ ಬಿದ್ದು ಜರ್ನಲನ್ನು ತುಂಬಿಸುವುದು ಇಲ್ಲಿನ ವಿಶೇಷ ತೊಂದರೆ. ಆ ವರದಿಯನ್ನು ನಿಲ್ಲಿಸುವ ಕರ್ನಲ್ ಆಯ್ಕೆ ಇದೆಯಾದರೂ ಅದು ನಿಜವಾದ ತಪ್ಪುಗಳನ್ನೂ ಮರೆಮಾಡುತ್ತದೆ.

ಆ್ಯಪಲ್ 2016ರ ಮ್ಯಾಕ್‌ಒಎಸ್ ಸಿಯೆರಾದಿಂದ ಏಕೀಕೃತ ಲಾಗ್ ವ್ಯವಸ್ಥೆಗೆ ಬದಲಾಯಿತು. ಕನ್ಸೋಲ್ ಎಂಬ ತಂತ್ರಾಂಶದಲ್ಲಿ ಹರಿಯುವ ಸಂದೇಶಗಳ ಪ್ರಮಾಣ ಅಪಾರ. ಮನೆಯ ಬಳಕೆದಾರರಿಗೆ ಉಪಯುಕ್ತವಾದದ್ದು ತಂತ್ರಾಂಶಗಳ ಕುಸಿತ ಮತ್ತು ಪ್ಯಾನಿಕ್ (ಇಡೀ ಯಂತ್ರ ನಿಂತುಹೋಗುವ) ವರದಿಗಳ ವಿಭಾಗ ಮಾತ್ರ.

ವಂಚನೆಯಲ್ಲಿ ಬಳಕೆ

ದೊಡ್ಡ ಕಂಪನಿಯ ತಾಂತ್ರಿಕ ವಿಭಾಗದಿಂದ ಮಾತನಾಡುತ್ತಿದ್ದೇವೆ ಎಂದು ಕರೆ ಮಾಡಿ, ಈವೆಂಟ್ ವ್ಯೂವರನ್ನು ತೆರೆಯಿಸಿ, ಅಲ್ಲಿನ ಕೆಂಪು, ಹಳದಿ ಗುರುತುಗಳನ್ನೇ ವೈರಸ್ ಎಂದು ನಂಬಿಸಿ ಹಣ ಕೀಳುವ ವಂಚನೆ ಹಲವು ವರ್ಷಗಳಿಂದ ನಡೆದಿದೆ. ಇಂಥ ಗುರುತುಗಳು ಪ್ರತಿಯೊಂದು ಕಂಪ್ಯೂಟರಿನಲ್ಲೂ ಇರುವುದೇ ವಂಚಕರ ಬಂಡವಾಳ. ನಂತರ ದೂರದಿಂದ ಯಂತ್ರವನ್ನು ನಿಯಂತ್ರಿಸುವ ತಂತ್ರಾಂಶವನ್ನು ಹಾಕಿಸಿ ಬ್ಯಾಂಕ್ ಖಾತೆಯವರೆಗೂ ಹೋಗುತ್ತಾರೆ. ಇಂಥ ಜಾಲಗಳ ವಿರುದ್ಧ 2023ರ ಅಕ್ಟೋಬರ್‌ನಲ್ಲಿ ಸಿಬಿಐ ‘ಆಪರೇಷನ್ ಚಕ್ರ-2’ ಎಂಬ ಹೆಸರಿನಲ್ಲಿ ದೇಶದ ಹಲವೆಡೆ ಶೋಧ ನಡೆಸಿತು. ಮೈಕ್ರೋಸಾಫ್ಟ್‌ನ ನಿಜವಾದ ದೋಷ ಸಂದೇಶದಲ್ಲಿ ಫೋನ್ ಸಂಖ್ಯೆ ಇರುವುದಿಲ್ಲ. ಹಣ ಕಳೆದುಕೊಂಡವರು ಭಾರತದಲ್ಲಿ 1930 ಎಂಬ ಸೈಬರ್ ಅಪರಾಧ ಸಹಾಯವಾಣಿಗೆ ತಡಮಾಡದೆ ಕರೆಮಾಡಬೇಕು.

ಇಂದಿನ ಸ್ಥಿತಿ

ಈವೆಂಟ್ ವ್ಯೂವರ್‌ನ ಹೊರನೋಟ ವಿಸ್ಟಾ ಕಾಲದಿಂದ ಹೆಚ್ಚು ಬದಲಾಗಿಲ್ಲ. ಅಪ್‌ಡೇಟ್‌ಗಳೇ ಹೊಸ ನಿರುಪದ್ರವಿ ದೋಷಗಳನ್ನು ತರುವುದೂ ಮುಂದುವರಿದಿದೆ. 2025ರ ಜೂನ್‌ನ ಅಪ್‌ಡೇಟ್ ನಂತರ ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಯಂತ್ರ ಶುರುವಾದಾಗಲೆಲ್ಲ ಫೈರ್‌ವಾಲ್‌ನ 2042 ಎಂಬ ದೋಷ ಬೀಳತೊಡಗಿತು. ಇನ್ನೂ ಪೂರ್ಣಗೊಳ್ಳದ ಸೌಲಭ್ಯವೊಂದರ ಕೋಡ್ ಅದಕ್ಕೆ ಕಾರಣ, ಫೈರ್‌ವಾಲ್ ಸರಿಯಾಗಿಯೇ ಕೆಲಸ ಮಾಡುತ್ತಿದೆ ಎಂದು ಮೈಕ್ರೋಸಾಫ್ಟ್ ತಿಳಿಸಿತು. ಅಪ್‌ಡೇಟ್ ಬಳಿಕ ಹೊಸ ದೋಷ ಕಂಡಾಗ ಯಂತ್ರವನ್ನು ಬಿಚ್ಚುವ ಮೊದಲು ಕಂಪನಿಯ ಅಪ್‌ಡೇಟ್ ಟಿಪ್ಪಣಿಗಳನ್ನು ನೋಡುವುದು ಈಗ ಪತ್ತೆಯ ಅಂಗವೇ ಆಗಿದೆ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಸ್ತರಿತ ಯೋಜನೆಗೆ ಸೇರಿದ ಗೃಹ ಬಳಕೆದಾರರಿಗೂ ಸಿಗುವುದು ಸುರಕ್ಷತಾ ಅಪ್‌ಡೇಟ್‌ಗಳಷ್ಟೇ. ಆ ಯಂತ್ರಗಳಲ್ಲಿ ಉಳಿದಿರುವ ನಿರುಪದ್ರವಿ ಸೇವಾ ದೋಷಗಳಿಗೆ ಕಂಪನಿಯಿಂದ ತಿದ್ದುಪಡಿ ಬರುವ ನಿರೀಕ್ಷೆಯಿಲ್ಲ. ಡಿಸ್ಕ್, ವಿದ್ಯುತ್ ಮತ್ತು ಮೆಮೊರಿಯ ದೋಷಗಳನ್ನು ಪತ್ತೆಮಾಡುವ ವಿಧಾನ ಮಾತ್ರ ಎರಡೂ ಆವೃತ್ತಿಗಳಿಗೆ ಒಂದೇ.